ನೆತ್ತಿಯ ಕಪ್ಪು ಗಂಟು

ಹೊಸನಗರ ಕಡೆಯ ನಾಲ್ಕು ತಿಂಗಳ ಮಗು. ನೆತ್ತಿಗೆ ಹರಳೆಣ್ಣೆ ಒತ್ತುವಾಗ ಅಜ್ಜಿಯ ಬೆರಳಿಗೆ ಏನೋ ಗಟ್ಟಿ ಸಿಕ್ಕಿತ್ತಂತೆ. ಮೂರೇ ವಾರದಲ್ಲಿ ಅದು ನಿಂಬೆಹಣ್ಣಿನಷ್ಟಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಬುರುಡೆಯ ಮೂಳೆ ದಪ್ಪಗಾಗಿ, ಅಂಚೆಲ್ಲ ಮುಳ್ಳು ಮುಳ್ಳಾಗಿತ್ತು. ಶಿವಮೊಗ್ಗದ ಸರ್ಜನ್ ಸಣ್ಣ ತುಂಡು ತೆಗೆದು ನನಗೆ ಫೋನ್ ಮಾಡಿದರು. "ಮೇಡಂ, ಬಯಾಪ್ಸಿ ಕಳಿಸ್ತಿದ್ದೀನಿ. ಒಳಗೆಲ್ಲ ಮಸಿ ಥರ ಕಪ್ಪು."

ನಾನು ಪೆಥಾಲಜಿಸ್ಟ್, ದೇಹದಿಂದ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಯಾವುದು ಅಂತ ಹೇಳುವವಳು. ಮಕ್ಕಳ ಗಡ್ಡೆ ನನ್ನ ಟೇಬಲ್‌ಗೆ ಬರೋದೇ ಅಪರೂಪ, ಅದರಲ್ಲೂ ಕಪ್ಪು ಗಡ್ಡೆ ಅಂದರೆ ಪುಸ್ತಕದಲ್ಲಿ ನೋಡಿದ್ದಷ್ಟೇ.

ಡಬ್ಬ ತೆರೆದಾಗ ಮೂರು ಚೂರಿದ್ದವು. ಎರಡರಲ್ಲಿ ಮೂಳೆ, ಒಂದು ಮೆತ್ತಗೆ. ಟೆಕ್ನಿಷಿಯನ್ ಹುಡುಗಿ ಅಭ್ಯಾಸಬಲದಿಂದ ಕೇಳಿದಳು, "ಮೇಡಂ, ಮೂರೂ ಆಸಿಡ್‌ಗೆ ಹಾಕ್ಲಾ?" ಮೂಳೆ ಇರುವ ತುಂಡನ್ನು ಹಾಗೇ ಕತ್ತರಿಸಲು ಆಗಲ್ಲ. ಮೊದಲು ಸುಣ್ಣದ ಅಂಶ ಕರಗಿಸಬೇಕು. ಆಸಿಡ್‌ನಲ್ಲಿ ಅದು ಬೇಗ ಆಗುತ್ತೆ, ಆದರೆ ಡಿಎನ್‌ಎಯೂ ಚೂರು ಚೂರಾಗುತ್ತೆ. ಹಿಂದೊಮ್ಮೆ ಒಬ್ಬ ಹುಡುಗನ ತೊಡೆ ಮೂಳೆಯ ಗಡ್ಡೆಯನ್ನು ನಾನೇ ಪೂರ್ತಿ ಆಸಿಡ್‌ಗೆ ಹಾಕಿಸಿದ್ದೆ. ಯೂಯಿಂಗ್ ಸಾರ್ಕೋಮಾ ಅನ್ನೋ ಮೂಳೆ ಕ್ಯಾನ್ಸರ್ ಅಂತ ಖಚಿತ ಮಾಡಲು ಜೀನ್ ಪರೀಕ್ಷೆಗೆ ಕಳಿಸಿದರೆ, ಮಾದರಿ ಕೆಲಸಕ್ಕೆ ಬರಲ್ಲ ಅಂತ ವಾಪಸ್ ಬಂತು. ಹುಡುಗನಿಗೆ ಇನ್ನೊಮ್ಮೆ ಸೂಜಿ ಚುಚ್ಚಬೇಕಾಯಿತು. ಆ ತಂದೆಯ ಮುಖ ಇನ್ನೂ ಮರೆತಿಲ್ಲ.

ಹಾಗಾಗಿ ಈ ಸಲ ಮೆತ್ತಗಿನ ಚೂರನ್ನು ಬೇರೆ ಮಾಡಿ, ಕೆಡದಂತೆ ಬರೀ ಫಾರ್ಮಲಿನ್‌ನಲ್ಲಿ ಇಟ್ಟೆ. ಮೂಳೆಯ ಚೂರುಗಳನ್ನು ಇಡಿಟಿಎ ಅನ್ನೋ, ಸುಣ್ಣವನ್ನು ಮೆಲ್ಲಗೆ ಎಳೆದು ತೆಗೆಯುವ ದ್ರಾವಣಕ್ಕೆ ಹಾಕಿಸಿದೆ. ಅದು ನಿಧಾನ, ದಿನಗಟ್ಟಲೆ ಹಿಡಿಯುತ್ತೆ. ಆದರೆ ಡಿಎನ್‌ಎ ಉಳಿಯುತ್ತೆ.

ಸ್ಲೈಡ್ ನೋಡಿದಾಗ ಎರಡು ಥರದ ಕೋಶಗಳು. ಬಣ್ಣ ತುಂಬಿದ ದೊಡ್ಡ ಕೋಶಗಳು ಸುತ್ತ ಬೇಲಿ ಹಾಕಿದ ಹಾಗೆ, ನಡುವೆ ಸಾಸಿವೆ ಚೆಲ್ಲಿದಂತೆ ಪುಟ್ಟ ಕಡುನೀಲಿ ಕೋಶಗಳು. ಮೆಲನಾಟಿಕ್ ನ್ಯೂರೋಎಕ್ಟೋಡರ್ಮಲ್ ಟ್ಯೂಮರ್. 1918ರಲ್ಲಿ ಕ್ರೋಂಪೆಕರ್ ಮೊದಲು ವರ್ಣಿಸಿದ್ದು. ಹೆಚ್ಚಾಗಿ ಒಂದು ವರ್ಷದೊಳಗಿನ ಮಕ್ಕಳ ಮೇಲ್ದವಡೆಯಲ್ಲಿ ಬರುತ್ತೆ, ಬುರುಡೆಯಲ್ಲಿ ಕಡಿಮೆ. ಭ್ರೂಣದಲ್ಲಿ ನರಕೋಶ, ಬಣ್ಣದ ಕೋಶ ಎರಡಕ್ಕೂ ಮೂಲವಾದ ನ್ಯೂರಲ್ ಕ್ರೆಸ್ಟ್ ಕೋಶಗಳಿಂದ ಹುಟ್ಟುತ್ತೆ ಅನ್ನೋದು ಈಗಿನ ತಿಳಿವಳಿಕೆ. ಕೆಲವು ಮಕ್ಕಳ ಮೂತ್ರದಲ್ಲಿ ವಿಎಂಎ, ಅಂದರೆ ಅಡ್ರಿನಲಿನ್ ಥರದ ನರರಾಸಾಯನಿಕ ಒಡೆದು ಬರುವ ವಸ್ತು, ಏರಿರುವುದೂ ಅದಕ್ಕೆ ಹೊಂದುತ್ತೆ. ಈ ಮಗುವಿಗೆ ಏರಿರಲಿಲ್ಲ.

ತೊಂದರೆ ಕೊಟ್ಟಿದ್ದು ಆ ಕಪ್ಪೇ. ಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ಬಣ್ಣದಿಂದ ತೋರಿಸುವ ಆಂಟಿಬಾಡಿ ಪರೀಕ್ಷೆಯಲ್ಲಿ ನಾವು ಮಾಮೂಲಾಗಿ ಬಳಸುವ ಬಣ್ಣ ಕಂದು. ಗಡ್ಡೆಯನ್ನು ಕಪ್ಪಾಗಿಸಿದ ಮೆಲನಿನ್ನೂ ಕಂದು! ಬಣ್ಣ ತಯಾರಿಸುವ ಕೋಶಗಳ ಗುರುತಾದ ಎಚ್‌ಎಂಬಿ-45 ಪಾಸಿಟಿವ್ ಅಂತ ಖುಷಿಪಟ್ಟೆ, ಆಮೇಲೆ ನೋಡಿದರೆ ಆಂಟಿಬಾಡಿ ಹಾಕದ ಸ್ಲೈಡೂ ಹಾಗೇ ಇತ್ತು. ಕೆಂಪು ಬಣ್ಣ ಬಳಸಿ ಮತ್ತೆ ಮಾಡಿಸಿದೆ. ಆಗ ದೊಡ್ಡ ಕೋಶಗಳಲ್ಲಿ ಎಚ್‌ಎಂಬಿ-45, ಚರ್ಮದಂಥ ಹೊದಿಕೆ ಕೋಶಗಳ ಗುರುತಾದ ಸೈಟೋಕೆರಟಿನ್, ಪುಟ್ಟವುಗಳಲ್ಲಿ ನರಕೋಶದ ಗುರುತಾದ ಸಿನಾಪ್ಟೊಫೈಸಿನ್ ಕಂಡವು.

ಪುಟ್ಟ ಕೋಶಗಳು ನ್ಯೂರೋಬ್ಲಾಸ್ಟೋಮಾ ಅನ್ನೋ ಮಕ್ಕಳ ನರದ ಕ್ಯಾನ್ಸರ್ ಥರವೇ ಕಾಣುತ್ತವೆ, ಯೂಯಿಂಗ್ ಅನ್ನೋ ಅನುಮಾನವೂ ಬರುತ್ತೆ. ಹೀಗಾಗಿ ಮಾದರಿಯನ್ನು ಬೆಂಗಳೂರಿಗೆ ಕಳಿಸಿದೆ. ಮೆಲನಿನ್, ಡಿಎನ್‌ಎಯ ನಕಲು ಹೆಚ್ಚಿಸುವ ಪಿಸಿಆರ್ ಅನ್ನೂ ತಡೆಯುತ್ತೆ. ತೆಗೆದ ಡಿಎನ್‌ಎ ದ್ರಾವಣ ತಿಳಿ ಚಹಾದಂತಿತ್ತಂತೆ, ಮತ್ತೊಮ್ಮೆ ಶುದ್ಧ ಮಾಡಬೇಕಾಯಿತು ಅಂದರು. ನ್ಯೂರೋಬ್ಲಾಸ್ಟೋಮಾದಲ್ಲಿ ಕೆಲವೊಮ್ಮೆ ಹೆಚ್ಚುವ ಎಂವೈಸಿಎನ್ ಜೀನ್ ಹೆಚ್ಚಿರಲಿಲ್ಲ, ಯೂಯಿಂಗ್‌ನಲ್ಲಿ ಮುರಿಯುವ ಜೀನ್ ಇಡಬ್ಲ್ಯೂಎಸ್‌ಆರ್1 ಮುರಿದಿರಲಿಲ್ಲ. ಮಿಥೈಲೇಶನ್ ಪರೀಕ್ಷೆಯೂ ಆಯಿತು. ಡಿಎನ್‌ಎ ಮೇಲಿನ ಲಕ್ಷಾಂತರ ಗುರುತುಗಳನ್ನು ಓದಿ, ಗಡ್ಡೆ ಯಾವ ಕುಲದ್ದು ಅಂತ ಹೇಳುವ ವಿಧಾನ ಅದು. 2018ರಲ್ಲಿ ಹೈಡೆಲ್‌ಬರ್ಗ್‌ನವರು ಮಿದುಳಿನ ಗಡ್ಡೆಗಳ 82 ವರ್ಗಗಳಿಗೆ ಇಂಥ ಪಟ್ಟಿ ಮಾಡಿದರು. ಅಂಕ 0.9 ದಾಟಿದರೆ ಹೊಂದಾಣಿಕೆ. ನಮ್ಮದು ದಾಟಲೇ ಇಲ್ಲ.

ಸೋತೆ ಅನ್ನಿಸಲಿಲ್ಲ. ಅಪರೂಪದ ಗಡ್ಡೆಗೆ ಹೋಲಿಸಲು ಮಾದರಿಗಳೇ ಕಡಿಮೆ, ಅಲ್ವಾ? ಬೇರೆ ಗಡ್ಡೆಗಳನ್ನು ತಳ್ಳಿಹಾಕಲು ಆ ಪರೀಕ್ಷೆಗಳು ಬೇಕಿದ್ದವು. ಹೆಸರನ್ನು ಸ್ಲೈಡ್ ನೋಡಿಯೇ ಬರೆದೆ.

ರಿಪೋರ್ಟ್ ಒಯ್ಯಲು ಅಪ್ಪನ ಜೊತೆ ಅಜ್ಜಿಯೂ ಬಂದಿದ್ದರು. ಗಡ್ಡೆಯ ಚೂರಿರುವ ಮೇಣದ ಬ್ಲಾಕನ್ನು ಅಜ್ಜಿ ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ದೃಷ್ಟಿ ಬೊಟ್ಟು ಒಳಗೇ ಇಳಿದಂಗಿದೆ ಡಾಕ್ಟ್ರೇ." ಪೂರ್ತಿ ತೆಗೆಸಿದರೆ ಹೆಚ್ಚಿನ ಮಕ್ಕಳು ಚೆನ್ನಾಗಿರುತ್ತಾರೆ, ಆದರೆ ಮತ್ತೆ ಬರಬಹುದು, ಸ್ಕ್ಯಾನ್ ತಪ್ಪಿಸಬೇಡಿ ಅಂದೆ. ಆಪರೇಷನ್ ಬೆಂಗಳೂರಿನಲ್ಲಾಯಿತು. ಎರಡನೇ ಸ್ಕ್ಯಾನ್ ಮುಗಿಸಿ ಬಂದಾಗ ಅಜ್ಜಿಯ ಪ್ರಶ್ನೆ ಒಂದೇ: "ಇನ್ನು ಎಣ್ಣೆ ಒತ್ಬಹುದಾ?"

"ಸರ್ಜನ್ ಹತ್ರ ಕೇಳಿ ಅಜ್ಜಿ," ಅಂದೆ.