ಹಳೇ ಮಿಲ್ಲಿಂಗ್ ಮೆಷಿನ್‌ಗೆ ಡಿಆರ್‌ಒ ಕೂರಿಸುವುದು ಹೇಗೆ?

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕೈಯಲ್ಲಿ ಓಡಿಸುವ ಮಿಲ್ಲಿಂಗ್ ಮೆಷಿನ್‌ಗೆ ಇವತ್ತಿಗೂ ಕೆಲಸ ಇದೆ. ಎಂ1ಟಿಆರ್ ಇರಲಿ, ಹಳೇ ಎಚ್‌ಎಂಟಿ ಇರಲಿ, ಬೀಡು ಕಬ್ಬಿಣದ ಮೈ ಗಟ್ಟಿ. ತೊಂದರೆ ಇರುವುದು ಹ್ಯಾಂಡಲ್ ಪಕ್ಕದ ಡಯಲ್‌ನಲ್ಲಿ. ಟೇಬಲ್ ಓಡಿಸುವ ಲೀಡ್‌ಸ್ಕ್ರೂ, ಅದರ ನಟ್ ಸವೆದ ಮೇಲೆ ಹ್ಯಾಂಡಲ್ ತಿರುಗುತ್ತದೆ, ಟೇಬಲ್ ಕದಲುವುದಿಲ್ಲ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತು. ಡಿಜಿಟಲ್ ರೀಡೌಟ್, ಅಂದರೆ ಡಿಆರ್‌ಒ, ಸ್ಕ್ರೂವನ್ನು ನೋಡುವುದೇ ಇಲ್ಲ. ಟೇಬಲ್ ನಿಜಕ್ಕೂ ಎಷ್ಟು ಸರಿಯಿತು ಅನ್ನುವುದನ್ನು ಗ್ಲಾಸ್ ಸ್ಕೇಲ್, ಅಂದರೆ ಸಣ್ಣ ಗೆರೆಗಳಿರುವ ಗಾಜಿನ ಪಟ್ಟಿ, ಮೇಲೆ ರೀಡರ್ ಹೆಡ್‌ನಿಂದ ಓದಿ ತೋರಿಸುತ್ತದೆ.

ಕೊಳ್ಳುವಾಗ ಎಲ್ಲರ ಕಣ್ಣು ಡಿಸ್‌ಪ್ಲೇ ಮೇಲೆ. ಆದರೆ ಕೆಲಸ ನಿಲ್ಲುವುದೂ ಕೆಡುವುದೂ ಸ್ಕೇಲ್, ಹೆಡ್ ಹಿಡಿಯುವ ಬ್ರಾಕೆಟ್‌ನಲ್ಲಿ. ನಿಮ್ಮ ಸಮಯವನ್ನೆಲ್ಲ ಅಲ್ಲಿಗೇ ಕೊಡಿ.

ಮೊದಲು ಅಳತೆ. ಕ್ಯಾಟಲಾಗ್ ನಂಬಬೇಡಿ. ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಎಷ್ಟು ಓಡುತ್ತದೋ ಬರೆದುಕೊಳ್ಳಿ. ಅದಕ್ಕಿಂತ 50 ಮಿ.ಮೀ. ಜಾಸ್ತಿ ಅಳೆಯುವ ಸ್ಕೇಲ್ ತರಿಸಿ. ಟೇಬಲ್ ನಿಲ್ಲುವ ಮೊದಲೇ ಸ್ಕೇಲ್ ಮುಗಿದುಹೋದರೆ ರೀಡರ್ ಹೆಡ್ ತುದಿಗೆ ಗುದ್ದಿ ಒಡೆಯುತ್ತದೆ. ಸ್ಕೇಲ್‌ನ ಒಟ್ಟು ಉದ್ದ ಅದು ಅಳೆಯುವ ಉದ್ದಕ್ಕಿಂತ ದೊಡ್ಡದಿರುತ್ತದೆ, ಅದಕ್ಕೂ ಜಾಗ ನೋಡಿ.

ಗಿಬ್ (ಸ್ಲೈಡ್‌ನ ಸಂದು ಹಿಡಿಯುವ ಪಟ್ಟಿ) ಸಡಿಲ ಇದ್ದರೆ ಈಗಲೇ ಬಿಗಿ ಮಾಡಿ. ಸ್ಲೈಡ್ ಒರೆಸಿ ಎಣ್ಣೆ ಬಿಡಿ. ಅಲ್ಲಾಡುವ ಟೇಬಲ್‌ಗೆ 5 ಮೈಕ್ರಾನ್ ಸ್ಕೇಲ್ ಹಾಕಿ ಏನೂ ಪ್ರಯೋಜನ ಇಲ್ಲ.

ಎಕ್ಸ್ (ಎಡ-ಬಲ ಓಟದ) ಸ್ಕೇಲನ್ನು ಟೇಬಲ್ ಹಿಂಭಾಗಕ್ಕೆ ಹಾಕುವುದು ವಾಸಿ. ಅಲ್ಲಿ ಚಿಪ್ಸ್ ಬೀಳುವುದು ಕಡಿಮೆ, ಮುಂದಿನ ಲಾಕ್, ಸ್ಟಾಪ್‌ಗಳಿಗೂ ಅಡ್ಡಿಯಿಲ್ಲ. ಆದರೆ ಟೇಬಲ್ ಕೆಳಗಿನ ಸ್ಯಾಡಲನ್ನು ಪೂರ್ತಿ ಒಳಗೆ ತಳ್ಳಿದಾಗ ಸ್ಕೇಲ್ ಹಿಂದಿನ ಕಂಬಕ್ಕೆ (ಕಾಲಂ) ತಾಗುತ್ತದೆಯೋ ನೋಡಿಕೊಳ್ಳಿ. ಟೇಬಲ್ ಜೊತೆ ಸ್ಕೇಲ್ ಓಡಲಿ, ರೀಡರ್ ಹೆಡ್ ಸ್ಯಾಡಲ್ ಮೇಲೆ ಕೂರಲಿ. ಆಗ ಕೇಬಲ್ ಎಳೆದಾಡುವುದಿಲ್ಲ. ವೈ (ಹಿಂದೆ-ಮುಂದೆ ಓಟದ) ಸ್ಕೇಲ್‌ಗೆ, ಸ್ಯಾಡಲನ್ನು ಹೊತ್ತಿರುವ ‘ನೀ’ (knee) ಭಾಗದ ಪಕ್ಕದ ಮುಖ ಸರಿಯಾದ ಜಾಗ. ಎರಡರಲ್ಲೂ ರಬ್ಬರ್ ತುಟಿ ಕೆಳಗೆ ಮುಖ ಮಾಡಿರಬೇಕು. ಮೇಲ್ಮುಖ ಇಟ್ಟರೆ ಕೂಲಂಟ್, ಪುಡಿ ಎಲ್ಲ ಗಾಜಿನ ಮೇಲೆ ಹೋಗಿ ಕೂರುತ್ತದೆ.

ತೂತು ಹೊಡೆಯುವಾಗ ಸ್ಕೇಲನ್ನು ದೂರ ಇಡಿ. ಎಂ4 ಟ್ಯಾಪ್‌ಗೆ 3.3, ಎಂ6ಕ್ಕೆ 5 ಮಿ.ಮೀ. ಡ್ರಿಲ್. ಬೀಡಿನ ಒರಟು ಮುಖದ ಮೇಲೆ ನೇರವಾಗಿ ಕೂರಿಸಬೇಡಿ. ನಡುವೆ ಒಂದು ಪ್ಯಾಕಿಂಗ್ ಪಟ್ಟಿ ಹಾಕಿ, ಶಿಮ್ (ತೆಳ್ಳನೆ ತಗಡು) ಕೊಟ್ಟು ಸಮ ಮಾಡಿ.

ಇನ್ನು ಮುಖ್ಯ ಕೆಲಸ. ಸ್ಕೇಲನ್ನು ಎರಡೂ ತುದಿಯಲ್ಲಿ ಬೋಲ್ಟ್ ಹಾಕಿ ಕೈಬಿಗಿ ಮಾತ್ರ ಮಾಡಿ. ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಸ್ಯಾಡಲ್ ಮೇಲೆ ಇಟ್ಟು, ಲಿವರ್ ಡಯಲ್‌ನ ಮೂತಿಯನ್ನು ಸ್ಕೇಲ್‌ನ ಅಲ್ಯೂಮಿನಿಯಂ ಮೈಗೆ ತಾಗಿಸಿ. ಎಡತುದಿಯಲ್ಲಿ ಸೊನ್ನೆ ಮಾಡಿ. ಟೇಬಲ್ಲನ್ನು ನಿಧಾನ ಓಡಿಸಿ, ಮುಳ್ಳು ನೋಡುತ್ತಿರಿ. ಬಲತುದಿಗೆ ಬರುವಷ್ಟರಲ್ಲಿ ಎಷ್ಟು ಸರಿದಿದೆಯೋ ಅಷ್ಟು ತಿದ್ದಬೇಕು. ಎಡಬೋಲ್ಟ್ ಸ್ವಲ್ಪ ಬಿಗಿ ಮಾಡಿ, ಬಲತುದಿಯನ್ನು ಮೆತ್ತಗೆ ತಟ್ಟಿ ತನ್ನಿ. ತಿರುಗಾ ಓಡಿಸಿ. ಇದನ್ನೇ ಮೇಲಿನ ಅಂಚಿಗೂ ಒಮ್ಮೆ, ಮುಂದಿನ ಮುಖಕ್ಕೂ ಒಮ್ಮೆ ಮಾಡಬೇಕು. ಪೂರ್ತಿ ಉದ್ದಕ್ಕೆ 0.1 ಮಿ.ಮೀ. ಒಳಗೆ ಬಂದರೆ ಚೆನ್ನ. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು, ಬೋಲ್ಟ್ ಬಿಗಿಯುವಾಗ ಸ್ಕೇಲ್ ಜರುಗುತ್ತದೆ.

ಸ್ಕೇಲ್ ಓರೆ ಇದ್ದರೆ ಅಳತೆ ಕೆಡುತ್ತದೆ ಅಂತ ಹೆದರುವವರು ತುಂಬಾ ಜನ. ಲೆಕ್ಕ ಹಾಕಿ ನೋಡಿ: 500 ಮಿ.ಮೀ.ಗೆ ಪೂರ್ತಿ 1 ಮಿ.ಮೀ. ಓರೆ ಇದ್ದರೂ ಅಳತೆಯಲ್ಲಿ ತಪ್ಪುವುದು ಸುಮಾರು 1 ಮೈಕ್ರಾನ್. ನಿಜವಾದ ಅಪಾಯ ಬೇರೆ. ಹೆಡ್ ಒಂದು ಕಡೆ ಒತ್ತಿ ಓಡುತ್ತದೆ, ಅದರ ಪುಟ್ಟ ಬೇರಿಂಗ್‌ಗಳು ಸವೆಯುತ್ತವೆ, ಕೊನೆಗೆ ಗಾಜು ಗೀರುತ್ತದೆ.

ರೀಡರ್ ಹೆಡ್ ಜೊತೆ ಬರುವ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಈಗಲೇ ಕೀಳಬೇಡಿ. ಹೆಡ್ಡಿಗೂ ಸ್ಕೇಲ್‌ಗೂ ಇರಬೇಕಾದ ಸಂದನ್ನು ಅವೇ ಹಿಡಿದಿರುತ್ತವೆ. ಬ್ರಾಕೆಟ್ ಕೂರಿಸಿ, ಸಂದು ಉಳಿದ ಕಡೆ ಶಿಮ್ ಹಾಕಿ. ಬೋಲ್ಟ್ ಬಿಗಿದು ಹೆಡ್ಡನ್ನು ಎಳೆದು ಕೂರಿಸುವುದು ಬೇಡವೇ ಬೇಡ. ಬ್ರಾಕೆಟ್‌ಗೆ ತೆಳ್ಳನೆ ಶೀಟ್ ಸಾಲದು, 8–10 ಮಿ.ಮೀ. ದಪ್ಪದ ಪಟ್ಟಿ ಬಳಸಿ. ಡಿಸ್‌ಪ್ಲೇ ಆನ್ ಮಾಡಿ ಬ್ರಾಕೆಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಸಂಖ್ಯೆ ಒಂದೆರಡು ಹೆಜ್ಜೆ ಸರಿದು ವಾಪಸ್ ಬಂದರೆ ಸರಿ. ಬರಲಿಲ್ಲ ಅಂದರೆ ಎಲ್ಲೋ ಬೋಲ್ಟ್ ಸಡಿಲ ಇದೆ, ಇಲ್ಲವೇ ಬ್ರಾಕೆಟ್ ಬಾಗುತ್ತಿದೆ.

ಕೇಬಲ್‌ಗೆ ಮೆಷಿನ್ನಿನ ಎಲ್ಲ ತುದಿಗೂ ಸಾಕಾಗುವಷ್ಟು ಸಡಿಲು ಬಿಟ್ಟು ಕ್ಲಿಪ್ ಹಾಕಿ. ಡಿಸ್‌ಪ್ಲೇಯ ಅರ್ತ್ ವೈರನ್ನು ಮೆಷಿನ್ ಮೈಗೆ ಜೋಡಿಸುವುದನ್ನು ಮರೆಯಬೇಡಿ. ಮೋಟರ್‌ಗೆ ವಿಎಫ್‌ಡಿ (ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಇದ್ದರೆ ಅದರ ವೈರ್ ಪಕ್ಕದಲ್ಲಿ ಸ್ಕೇಲ್ ಕೇಬಲ್ ಎಳೆಯಬಾರದು, ಸಂಖ್ಯೆ ತಾನೇ ಕುಣಿಯುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ಟೇಬಲ್ ಮೇಲೆ ಒಂದು ಬ್ಲಾಕ್ ಕ್ಲಾಂಪ್ ಮಾಡಿ, ಸ್ಪಿಂಡಲ್‌ನಲ್ಲಿ ಹಿಡಿದ ಡಯಲನ್ನು ತಾಗಿಸಿ, ಡಯಲ್, ಡಿಆರ್‌ಒ ಎರಡನ್ನೂ ಸೊನ್ನೆ ಮಾಡಿ. ಟೇಬಲ್ ಸರಿಸಿ, ನಡುವೆ 100 ಮಿ.ಮೀ. ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಇಟ್ಟು, ಡಯಲ್ ಮತ್ತೆ ಸೊನ್ನೆಗೆ ಬರುವ ತನಕ ತನ್ನಿ. ಡಿಆರ್‌ಒ 100.000 ತೋರಿಸಬೇಕು. 99.985 ಬಂದರೆ ಮೊದಲು ಬೋಲ್ಟ್‌ಗಳನ್ನು ನೋಡಿ. ಎಲ್ಲ ಬಿಗಿ ಇದ್ದೂ ಅದೇ ಸಂಖ್ಯೆ ಬರುತ್ತಿದ್ದರೆ ಮಾತ್ರ ಡಿಸ್‌ಪ್ಲೇಯಲ್ಲಿ ಅಳತೆ ತಿದ್ದುವ ಲೀನಿಯರ್ ಕಾಂಪೆನ್ಸೇಶನ್‌ಗೆ ಕೈ ಹಾಕಿ.

ಒಂದು ಮಾತು ನೆನಪಿಡಿ: ಡಿಆರ್‌ಒ ಸ್ಕ್ರೂ, ನಟ್ ನಡುವಿನ ಸಡಿಲನ್ನು (ಬ್ಯಾಕ್‌ಲ್ಯಾಶ್) ದಾಟಿ ಓದುತ್ತದೆ, ತೆಗೆದುಹಾಕುವುದಿಲ್ಲ. ಕ್ಲೈಂಬ್ ಕಟ್‌ನಲ್ಲಿ, ಅಂದರೆ ಕಟರ್ ಹಲ್ಲು ಸಾಗುವ ದಿಕ್ಕಿಗೇ ಜಾಬ್ ಓಡಿಸುವಾಗ, ಕಟರ್ ಟೇಬಲ್ಲನ್ನು ಈಗಲೂ ಎಳೆದುಕೊಳ್ಳುತ್ತದೆ. ಓಡದ ಆಕ್ಸಿಸ್‌ಗಳನ್ನು ಲಾಕ್ ಮಾಡಿಯೇ ಕಟ್ ತೆಗೆದುಕೊಳ್ಳಿ.

ಕರೆಂಟ್ ವಿಷಯ. ಡಿಸ್‌ಪ್ಲೇ ಆಫ್ ಇದ್ದಾಗ ಹ್ಯಾಂಡಲ್ ತಿರುಗಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಗ್ಲಾಸ್ ಸ್ಕೇಲ್‌ನಲ್ಲಿ ರೆಫರೆನ್ಸ್ ಮಾರ್ಕ್, ಅಂದರೆ ಜಾಗ ಬದಲಾಗದ ಗುರುತು, ಇರುತ್ತದೆ. ಬೆಳಿಗ್ಗೆ ಮೆಷಿನ್ ಆನ್ ಮಾಡಿದ ತಕ್ಷಣ ಅದನ್ನು ಹಿಡಿದು, ಆಮೇಲೆ ಜಾಬ್‌ನ ಸೊನ್ನೆ ಹಾಕಿ. ಮಧ್ಯಾಹ್ನ ಕರೆಂಟ್ ಹೋಗಿ ಬಂದರೂ ಅದೇ ಮಾರ್ಕ್ ಹಿಡಿದರೆ ಸಾಕು, ವೈಸ್‌ನಲ್ಲಿರುವ ಜಾಬ್‌ಗೆ ಮತ್ತೆ ಎಡ್ಜ್ ಫೈಂಡರ್ (ಅಂಚು ಹುಡುಕುವ ಸಾಧನ) ತಾಗಿಸುವ ಕೆಲಸ ಇರುವುದಿಲ್ಲ.