ಸೈಕಲ್‌ನಲ್ಲಿ ಆಗುಂಬೆ ಏರಿ ಮಾಳಕ್ಕೆ ಇಳಿಯುವುದು ಹೇಗೆ?

ಉಡುಪಿಯಿಂದ ಹೊರಟು ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಮಾಳ, ಕಾರ್ಕಳ ಸುತ್ತಿ ಮತ್ತೆ ಉಡುಪಿ. ಒಟ್ಟು ಸುಮಾರು 180 ಕಿ.ಮೀ. ಒಂದು ಘಾಟಿ ಹತ್ತಬೇಕು, ಇನ್ನೊಂದು ಇಳಿಯಬೇಕು. ಕಾಲಲ್ಲಿ ಒಳ್ಳೆ ಕಸುವಿರುವ ಹುಡುಗರೂ ಆಗುಂಬೆಯ ನಾಲ್ಕನೇ, ಐದನೇ ತಿರುವಿನಲ್ಲೇ ಇಳಿದು ಸೈಕಲ್ ತಳ್ಳುವುದನ್ನು ನೋಡಿದ್ದೇನೆ. ಅವರಿಗೆ ಶಕ್ತಿ ಇರಲಿಲ್ಲ ಎಂದಲ್ಲ. ತಿರುವು ಹತ್ತುವ ಕ್ರಮ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊರಡುವ ಮೊದಲು

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಗುಡ್ಡ ಜರಿಯುವ ಭಯವೂ ಇದೆ.

ಚೈನ್ ಓಡುವ ಹಲ್ಲುಚಕ್ರಗಳಲ್ಲಿ, ಪೆಡಲ್ ಬಳಿಯ ಚಿಕ್ಕದಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇರಲಿ. ಹಿಂದೆ 25 ಹಲ್ಲು ಸಾಕು ಎನ್ನುವವರ ಮಾತು ಕೇಳಬೇಡಿ, ಮೊಣಕಾಲು ನಿಮ್ಮದು. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಹೆಸರಿಲ್ಲದ ಅಗ್ಗದ ಪ್ಯಾಡ್ ಕಲ್ಲಿನಂತೆ ಗಟ್ಟಿ. ಬಿಸಿಯಾದರೆ ಹಿಡಿತವೇ ಸಿಗುವುದಿಲ್ಲ.

ಹೆಬ್ರಿಯವರೆಗೆ

ಬೆಳಕು ಹರಿಯುವ ಮೊದಲೇ ಲೈಟ್ ಹಾಕಿಕೊಂಡು ಹೊರಡಿ. ಮಣಿಪಾಲ, ಹಿರಿಯಡ್ಕ ದಾಟಿ ಹೆಬ್ರಿ. ಅಲ್ಲಿ ಇಡ್ಲಿಯೋ ಕಡುಬೋ ತಿನ್ನಿ. ಗೋಳಿಬಜೆ ಸಂಜೆಗಿರಲಿ, ಎಣ್ಣೆ ತಿಂಡಿ ಹೊಟ್ಟೆಯಲ್ಲಿಟ್ಟುಕೊಂಡು ಘಾಟಿ ಹತ್ತಲು ಆಗುವುದಿಲ್ಲ. ಕರಾವಳಿಯ ಸೆಖೆಗೆ ಬೆವರು ಜಾಸ್ತಿ, ಆದ್ದರಿಂದ ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿಕೊಳ್ಳಿ. ಕಾರಿನಲ್ಲಿ ಸೈಕಲ್ ತಂದು ಸೋಮೇಶ್ವರದಿಂದ ಶುರು ಮಾಡುವವರೂ ಇದ್ದಾರೆ. ಮೊದಲ ಸಲಕ್ಕೆ ಅದೂ ಒಳ್ಳೆಯದೇ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು

ಎಲ್ಲರೂ ಎಡವುವುದು ಇಲ್ಲಿ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ಅಲ್ವಾ? ಹಾಗಾಗಿ ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಾವು ಒಳಬದಿಗೆ ಸಿಗುತ್ತೇವೆ. ಒಳಬದಿಯ ದಾರಿ ಗಿಡ್ಡ, ಏರಬೇಕಾದ ಎತ್ತರ ಮಾತ್ರ ಅಷ್ಟೇ. ಅದಕ್ಕೇ ಅದು ಗೋಡೆಯಂತೆ ಕಡಿದು. ಬಲಕ್ಕೆ ತಿರುಗುವಾಗ ನಾವು ಹೊರಬದಿಯಲ್ಲಿ, ಏರು ಸಲೀಸು.

ಆದ್ದರಿಂದ ಎಡ ತಿರುವು ಕಂಡ ಕೂಡಲೇ, ಅದಕ್ಕೆ ಇಪ್ಪತ್ತು ಮೀಟರ್ ಇರುವಾಗಲೇ ಗೇರ್ ಇಳಿಸಿ. ಇಳಿಸುವಾಗ ಪೆಡಲ್ ಮೇಲಿನ ಒತ್ತಡ ಒಂದು ಸುತ್ತು ಸಡಿಲ ಮಾಡಿ. ತಿರುವಿನ ಒಳಗೆ ಸಿಕ್ಕಿಕೊಂಡ ಮೇಲೆ ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಕುಳಿತೇ ತುಳಿಯಿರಿ. ಎದ್ದು ನಿಂತರೆ ಹಿಂದಿನ ಚಕ್ರದ ಭಾರ ಕಡಿಮೆಯಾಗಿ, ಒದ್ದೆ ಜಾಗದಲ್ಲಿ ಅದು ಜಾರುತ್ತದೆ. ಬಲ ತಿರುವಿನಲ್ಲಿ ವೇಗ ಹೆಚ್ಚಿಸುವ ಆಸೆ ಬರುತ್ತದೆ. ಬೇಡ. ಅಲ್ಲಿ ಉಸಿರು ಸರಿ ಮಾಡಿಕೊಳ್ಳಿ, ನೀರು ಕುಡಿಯಿರಿ.

ಕಡಿದು ಎಂದು ರಸ್ತೆಯ ಮಧ್ಯಕ್ಕೆ ಬರಬೇಡಿ. ಮೇಲಿಂದ ಇಳಿಯುವ ಮಿನಿ ಬಸ್ಸಿಗೆ ತಿರುಗಲು ಪೂರ್ತಿ ರಸ್ತೆ ಬೇಕು. ಹಾರ್ನ್ ಕೇಳಿದರೆ ತಿರುವಿನ ಕೆಳಗೇ ನಿಂತು, ಬಸ್ಸು ದಾಟಿ ಹೋದ ಮೇಲೆ ಹೊರಡಿ. ಮಂಗಗಳ ಎದುರು ತಿಂಡಿ ತೆಗೆಯಬೇಡಿ, ಕೊಡಲೂ ಬೇಡಿ.

ಮಾತಾಡುತ್ತಾ ಹತ್ತಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಿದೆ. ಮೊದಲ ಮೂರು ತಿರುವಿನಲ್ಲಿ ಗೆಳೆಯರು ಮುಂದೆ ಹೋದರೆ ಹೋಗಲಿ.

ಆಗುಂಬೆಯಿಂದ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ)

ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ. ಏರು ಮುಗಿಯಿತು ಎಂದುಕೊಳ್ಳಬೇಡಿ. ಶೃಂಗೇರಿವರೆಗೆ ಹತ್ತಿಳಿಯುವ ದಾರಿ. ಶೃಂಗೇರಿಯಲ್ಲಿ ಊಟ ಮಾಡಿ, ಬಾಟಲಿ ತುಂಬಿಸಿ. ಅಲ್ಲಿಂದ ನೆಮ್ಮಾರು, ಕೆರೆಕಟ್ಟೆ ಕಡೆಗೆ ಹೋಗುವುದೆಂದರೆ ತುಂಗೆ ಹರಿದು ಬರುವ ದಿಕ್ಕಿಗೆ ಎದುರಾಗಿ ಹೋಗುವುದು, ಅಂದರೆ ಮತ್ತೆ ಏರು. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಚೆಕ್‌ಪೋಸ್ಟ್‌ನಲ್ಲಿ ಸಮಯದ ನಿಯಮ ಕೇಳಿಕೊಳ್ಳಿ, ನಡುವೆ ನಿಲ್ಲಬೇಡಿ, ಕತ್ತಲಾಗುವ ಮೊದಲೇ ದಾಟಿ. ಶೃಂಗೇರಿಯಲ್ಲೇ ತಡವಾಗಿದ್ದರೆ ಅಲ್ಲೇ ರೂಮ್ ಮಾಡಿ ಉಳಿಯಿರಿ.

ಮಾಳಕ್ಕೆ ಇಳಿಯುವಾಗ

ಎಸ್.ಕೆ. ಬಾರ್ಡರ್‌ನಲ್ಲಿ ಕುದುರೆಮುಖದ ದಾರಿ ಬಿಟ್ಟು ಕಾರ್ಕಳದ ದಾರಿ ಹಿಡಿಯಿರಿ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಅದುಮಿ ಹಿಡಿದಿರುವುದು ದೊಡ್ಡ ತಪ್ಪು. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವ ಬ್ರೇಕ್) ಇದ್ದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ನೇರ ರಸ್ತೆಯಲ್ಲಿ ಎದೆ ಎತ್ತಿ ಕುಳಿತುಕೊಳ್ಳಿ, ಗಾಳಿಯೇ ಸ್ವಲ್ಪ ವೇಗ ತಗ್ಗಿಸುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಇಳಿಯುವಾಗಲೂ ಎಡ ತಿರುವೇ ಅಪಾಯ. ವೇಗ ಸ್ವಲ್ಪ ಹೆಚ್ಚಾದರೂ ಸೈಕಲ್ ಎದುರಿನ ವಾಹನದ ಬದಿಗೆ ಎಳೆದುಕೊಂಡು ಹೋಗುತ್ತದೆ. ಹೊರಬದಿಯ ಪೆಡಲ್ ಕೆಳಗಿರಲಿ, ಕಣ್ಣು ತಿರುವಿನ ಆಚೆಗಿರಲಿ.

ಮಾಳ, ಬಜಗೋಳಿ ದಾಟಿದರೆ ಕಾರ್ಕಳ. ಅಲ್ಲಿಂದ ಪಡುಬಿದ್ರಿಯ ಹೆದ್ದಾರಿ ಬೇಡ, ಬೈಲೂರು, ಹಿರಿಯಡ್ಕ ಮೂಲಕ ಉಡುಪಿಗೆ ಬನ್ನಿ. ಮರುದಿನ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಿ.