ಟ್ಯಾಂಕ್ ಮಾಡೆಲ್‌ನ ಫೆಂಡರ್‌ಗೆ ಖಾಲಿ ಕ್ಯಾನ್ ತಗಡು

1:35 ಅಳತೆಯ, ಅಂದರೆ ನಿಜದ 35ರಲ್ಲಿ ಒಂದು ಪಾಲಿನ, ಯುದ್ಧ ಟ್ಯಾಂಕ್ ಮಾಡೆಲ್ ಕಟ್ಟುವವರು ಕಿಟ್‌ನ ಫೆಂಡರ್ (ಚಕ್ರಗಳ ಮೇಲಿನ ಮಡ್‌ಗಾರ್ಡ್) ಅಂಚನ್ನು ಒಮ್ಮೆ ಗಮನಿಸಿ. ಪ್ಲಾಸ್ಟಿಕ್ 1 ಮಿ.ಮೀ. ದಪ್ಪ ಇದ್ದರೆ ನಿಜದ ಅಳತೆಯಲ್ಲಿ ಅದು 35 ಮಿ.ಮೀ. ಆಯಿತು. ಫೆಂಡರ್ ಅನ್ನೋದು ತೆಳು ತಗಡು, ರಕ್ಷಾಕವಚ ಅಲ್ವಲ್ಲ! ತಂಪು ಪಾನೀಯದ ಅಲ್ಯುಮಿನಿಯಂ ಕ್ಯಾನ್ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಅಂದರೆ 3.5 ಮಿ.ಮೀ., ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಮೊದಲು ಕಾಗದದಲ್ಲಿ ಕತ್ತರಿಸಿ ಅಳತೆ ನೋಡಿ. ತಗಡಿಗೆ ಮಾತ್ರ ಕತ್ತರಿ ಹಾಕಬೇಡಿ, ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ ಎರಡು ಮೂರು ಸಲ ಹಗುರವಾಗಿ ಗೀರಿ. ಹಿಂದೆ ಮುಂದೆ ಬಾಗಿಸಿದರೆ ಗೆರೆಗೆ ಸರಿಯಾಗಿ ಮುರಿಯುತ್ತದೆ. ಅಂಚು ತುಂಬಾ ಹರಿತ, ಕೈ ಜೋಪಾನ. ಉಬ್ಬು ಗೆರೆ ಬೇಕಾದರೆ ತಗಡನ್ನು ದಪ್ಪ ರಟ್ಟಿನ ಮೇಲೆ ಬೋರಲು ಹಾಕಿ, ಇಂಕ್ ಮುಗಿದ ಬಾಲ್‌ಪೆನ್ನಿಂದ ಒತ್ತಿ ಎಳೆಯಿರಿ. ನನಗೆ ಜಾಸ್ತಿ ಇಷ್ಟವಾದ ಕೆಲಸ ಇದೇ. ಗೆರೆ ಎದ್ದು ಬಂದ ಮೇಲೆ ತಗಡಿಗೂ ಬಿಗಿ ಬರುತ್ತದೆ.

ಕಿಟ್ ಅಂಟಿಸುವ ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಲೋಹಕ್ಕೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಎರಡೂ ಬದಿ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪ್ರೈಮರ್ ಹೊಡೆದ ಮೇಲೇ ಬಣ್ಣ. ಯುದ್ಧದಲ್ಲಿ ಸೊಟ್ಟಾದ ಫೆಂಡರ್ ಬೇಕಿದ್ದರೆ, ಬಣ್ಣಕ್ಕೆ ಮುಂಚೆಯೇ ಇಕ್ಕಳದಿಂದ ಮೂಲೆ ಬಗ್ಗಿಸಿ.